ಸಹಾಯ ಬೇಕು: ಹಳೇ ಫ್ರೆಂಚ್ ಕೈಬರಹ ಓದೋರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಎಂ.ಎ. ಪ್ರಬಂಧಕ್ಕೆ ಒಂದು ಸಹಾಯ ಬೇಕಿತ್ತು.

1848ರ ಜೂನ್‌ನಲ್ಲಿ ಪ್ಯಾರಿಸ್ ಸರ್ಕಾರ ನಿರುದ್ಯೋಗಿಗಳಿಗಾಗಿ ತೆರೆದಿದ್ದ ಕಾರ್ಯಾಗಾರಗಳನ್ನು ಮುಚ್ಚಲು ಹೊರಟಿತು, ಕೆಲಸಗಾರರು ದಂಗೆ ಎದ್ದರು, ಸೈನ್ಯ ಅದನ್ನು ನಾಲ್ಕೇ ದಿನದಲ್ಲಿ ಹೊಸಕಿ ಹಾಕಿತು. ಸೆಪ್ಟೆಂಬರ್‌ನಲ್ಲಿ ಅಸೆಂಬ್ಲಿ, ಅಂದ್ರೆ ಅಲ್ಲಿನ ಸಂಸತ್ತು, 5 ಕೋಟಿ ಫ್ರಾಂಕ್ ಮಂಜೂರು ಮಾಡಿ ಇಂಥ ಬಡವರನ್ನು ಆಗ ಫ್ರಾನ್ಸಿನ ವಸಾಹತಾಗಿದ್ದ ಉತ್ತರ ಆಫ್ರಿಕಾದ ಅಲ್ಜೀರಿಯಾಕ್ಕೆ ಸಾಗಹಾಕೋಕೆ ಶುರು ಮಾಡಿತು. ಮನೆ, ಬಿತ್ತನೆ ಬೀಜ, ಕುಟುಂಬಕ್ಕೆ 2ರಿಂದ 10 ಹೆಕ್ಟೇರ್ ಜಮೀನು ಕೊಡ್ತೀವಿ ಅಂತ ಮಾತು. ಆ ಜಮೀನು ಮೊದಲು ಯಾರದ್ದಾಗಿತ್ತು ಅನ್ನೋದನ್ನ ಕೇಳಬೇಡಿ! ಸಾವಿರಾರು ಜನ ಪ್ಯಾರಿಸ್‌ನಲ್ಲಿ ಸೀನ್ ನದಿಯ ದೋಣಿ ಹತ್ತಿ ಹೊರಟರು. ದಂಗೆಕೋರರನ್ನೇ ಕಳಿಸಿದ್ದು ಅಂತ ಕೆಲವರು ಹೇಳ್ತಾರೆ, ಅದು ಸರಿಯಲ್ಲ, ಇವರು ಅರ್ಜಿ ಹಾಕಿ ಹೋದವರು. ನೇಗಿಲು ಹಿಡಿದು ಗೊತ್ತಿಲ್ಲದವರೇ ಜಾಸ್ತಿ. 1849ರಲ್ಲಿ ಕಾಲರಾ ಬೇರೆ ಬಂತು.

ಅಲ್ಜೀರಿಯಾದಲ್ಲಿ ಇವರು ನೆಲೆಸಿದ ಊರುಗಳ ಜನನ ಮರಣ ದಾಖಲೆಗಳು ಫ್ರಾನ್ಸಿನ ಸಾಗರೋತ್ತರ ಪತ್ರಾಗಾರದ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ತೊಂದರೆ ಏನಂದ್ರೆ ಎಲ್ಲಾ ಕೂಡಿಸಿ ಬರೆದ ಅಕ್ಷರ, ಹೆಸರು ಹೇಗೋ ಓದಬಹುದು, ಸತ್ತವರ ಕಸುಬು ಬರೆದಿರೋ ಜಾಗ ಮಾತ್ರ ಬಿಡಿಸೋಕೆ ಆಗ್ತಿಲ್ಲ. ನನಗೆ ಬೇಕಿರೋದೇ ಅದು. ಪುಟಗಳ ಚಿತ್ರ ಕಳಿಸಿದರೆ ಯಾರಾದರೂ ಓದಿ ಹೇಳ್ತೀರಾ? ಒಂದೆರಡು ಸಾಲಾದರೂ ಸಾಕು. ಗೊತ್ತಿರೋರು ದಯವಿಟ್ಟು ಇಲ್ಲೇ ಕಾಮೆಂಟ್ ಮಾಡಿ.