ತುಮಕೂರು 95 ಬ್ಯಾಚ್: ಇನ್ನೂರು ಗಂಟೆ ಲೆಕ್ಕ

ರಮೇಶ (ಫಾರ್ವರ್ಡ್): "200 ಗಂಟೆ ಜೊತೆಗಿದ್ದರೆ ಯಾರಾದರೂ ಜೀವದ ಗೆಳೆಯರಾಗುತ್ತಾರೆ! ವಿದೇಶಕ್ಕೆ ಹೊರಟ ಮಕ್ಕಳಿಗೆ ಕಳಿಸಿ 🙏"

ರಮೇಶ: ಮಗಳು ಅಕ್ಟೋಬರ್‌ಗೆ ಜರ್ಮನಿಗೆ ಹೊರಡ್ತಾಳೆ. ಇದು ನಿಜನಾ? ಕಳಿಸ್ಲಾ?

ಗಿರಿ ಮ್ಯೂನಿಕ್: ಅರ್ಧ ನಿಜ. ಲೆಕ್ಕ ಅಮೆರಿಕದ ಕಾನ್ಸಾಸ್ ಯೂನಿವರ್ಸಿಟಿಯ ಜೆಫ್ರಿ ಹಾಲ್ ಅವರ ಅಧ್ಯಯನದ್ದು, 2018. ಪರಿಚಯ ದಾಟಿ ಸಾಧಾರಣ ಸ್ನೇಹಕ್ಕೆ ಸುಮಾರು 50 ಗಂಟೆ, ಸ್ನೇಹಿತ ಅನ್ನೋಕೆ 90, ಆಪ್ತ ಅನ್ನೋಕೆ 200 ಮೇಲೆ. "ಯಾರಾದರೂ" ಅನ್ನೋದು ಫಾರ್ವರ್ಡ್ ಮಾಡಿದೋರು ಹಾಕಿದ ಒಗ್ಗರಣೆ. ಜೊತೆಗೆ ಕೆಲಸ ಮಾಡಿದ ಗಂಟೆಗೆ ಅಷ್ಟು ಬೆಲೆ ಇಲ್ಲ ಅಂತಾನೂ ಅದರಲ್ಲೇ ಇದೆ.

ಮಂಜು: ಸ್ನೇಹಕ್ಕೂ ಮೀಟರ್ರಾ ಲೇ 😂 ಕ್ಯಾತ್ಸಂದ್ರದಲ್ಲಿ ಎರಡು ದಿನ ತಟ್ಟೆ ಇಡ್ಲಿ ತಿಂದ್ರೆ ಆಯ್ತು

ಶೋಭಾ ಲೀಡ್ಸ್: ಯಾಕಂದ್ರೆ ಮೂರನೇ ದಿನಾನೂ ಅದೇ ಮುಖ ಅಲ್ಲೇ ನಿಂತಿರತ್ತೆ ಮಂಜು. ಹೊರಗೆ ಬಂದ್ರೆ ಆ "ಅದೇ ಮುಖ, ಅದೇ ಹೊತ್ತು" ನಾವೇ ಕಟ್ಕೋಬೇಕು.

ಸುನೀತಾ: ಇಷ್ಟೆಲ್ಲ ಯಾಕೆ? ಕನ್ನಡ ಸಂಘ ಇರತ್ತಲ್ಲ.

ಗಿರಿ ಮ್ಯೂನಿಕ್: ಯುಗಾದಿಗೆ 4 ಗಂಟೆ, ರಾಜ್ಯೋತ್ಸವಕ್ಕೆ 4. ಇನ್ನೂರು ತುಂಬೋಕೆ 25 ವರ್ಷ.

ಸುನೀತಾ: ಕುರ್ಚಿ ಮೇಲೆ ಕೂತು ಎದ್ದು ಬಂದ್ರೆ ಅಷ್ಟೇ. ಅಡುಗೆ ಗುಂಪಿಗೆ ಸೇರ್ಲಿ. 150 ಜನಕ್ಕೆ ಪುಳಿಯೋಗರೆ ಅಂದ್ರೆ ಹಿಂದಿನ ದಿನ ಗೊಜ್ಜು ಕುದಿಸಬೇಕು, ಬೆಳಿಗ್ಗೆ ಅನ್ನ ಹರವಿ ಆರಿಸಬೇಕು, ರಾತ್ರಿ ಪಾತ್ರೆ. ಅದೇ ಆರು ಜನರ ಜೊತೆ ಹನ್ನೆರಡು ಗಂಟೆ.

ಮಂಜು: ಕೆಲಸದ ಗಂಟೆ ಲೆಕ್ಕಕ್ಕಿಲ್ಲ ಅಂದ್ನಲ್ಲ ಗಿರಿ?

ಸುನೀತಾ: ಆಫೀಸಲ್ಲಿ ಬಾಯಿ ಕಟ್ಟಿರತ್ತೆ. ಬೀನ್ಸ್ ಹೆಚ್ಚೋವಾಗ ಖಾಲಿ.

ಗಿರಿ ಮ್ಯೂನಿಕ್: ಸರಿ, ಇದು ಒಪ್ದೆ. ಆದ್ರೆ ಬರೀ ಅದನ್ನೇ ನಂಬ್ಕೊಂಡ್ರೆ ಜರ್ಮನ್ನರು ಒಬ್ಬರೂ ಸಿಗಲ್ಲ. ರಮೇಶ, ಕೇಳು. ಇಲ್ಲಿ ಯೂನಿವರ್ಸಿಟಿಗಳಲ್ಲಿ ಸ್ಪೋರ್ಟ್ಸ್ ಕೋರ್ಸ್ ಇರತ್ತೆ, ಹೋಖ್‌ಶೂಲ್‌ಶ್ಪೋರ್ಟ್ ಅಂತಾರೆ. ಸೆಮಿಸ್ಟರ್ ಶುರುವಲ್ಲಿ ಆನ್‌ಲೈನ್ ನೋಂದಣಿ, ಬೇಡಿಕೆ ಇರೋವು ನಿಮಿಷಗಳಲ್ಲಿ ತುಂಬ್ತವೆ, ತಾರೀಖು ಮೊದಲೇ ಬರ್ಕೊಂಡಿರ್ಲಿ. ಜಿಮ್ ಬೇಡ, ಅಲ್ಲಿ ಎಲ್ಲರ ಕಿವೀಲೂ ಇಯರ್‌ಫೋನ್. ವಾಲಿಬಾಲ್, ಹಾಡೋ ಗುಂಪು ಥರದ್ದು, ಒಂದೇ ಒಂದು. ಐದು ಕಡೆ ಹೆಸರು ಕೊಟ್ಟೋರು ಡಿಸೆಂಬರ್‌ಗೆ ಎಲ್ಲೂ ಇರಲ್ಲ. ಆಟ ಒಂದೂವರೆ ಗಂಟೆ, ಆಮೇಲೆ ಕೂತು ಕುಡಿಯೋದು ಒಂದು ಗಂಟೆ. ಆ ಒಂದು ಗಂಟೆ ಬಿಟ್ಟು ಓಡಿಬಂದ್ರೆ ಎಲ್ಲಾ ವೇಸ್ಟು. ಬಿಯರ್ ಬೇಡಾಂದ್ರೆ ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದು ಸಿಗತ್ತೆ, ಯಾರೂ ಕೇಳಲ್ಲ. ಅವರವರ ದುಡ್ಡು ಅವರವರು ಕೊಡೋದು. ವಾರಕ್ಕೆ ಎರಡೂವರೆ ಗಂಟೆ, 90ಕ್ಕೆ 36 ವಾರ.

ಶೋಭಾ ಲೀಡ್ಸ್: ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಅಲ್ಲಿ ಕ್ಲಾಸೇ ಇರಲ್ಲ. ಕಟ್ಟಿದ್ದು ಕಡಿಯೋದೇ ಅವಾಗ. ಅಷ್ಟರೊಳಗೆ ಆಟದ ಜಾಗ ಬಿಟ್ಟು ಬೇರೆ ಕಡೆ ಒಮ್ಮೆಯಾದ್ರೂ ಸಿಕ್ಕಿರಬೇಕು. ನಾಲ್ಕೈದನೇ ವಾರಕ್ಕೆ ಇಬ್ಬರನ್ನ ಕರೀಲಿ, ಇಪ್ಪತ್ತು ಜನರನ್ನಲ್ಲ. "ಯಾವಾಗಾದ್ರೂ ಸಿಗೋಣ" ಅನ್ನೋದು ಕರೆ ಅಲ್ಲ. "ಮುಂದಿನ ಶನಿವಾರ 11ಕ್ಕೆ ನನ್ನ ರೂಮಲ್ಲಿ ಇಡ್ಲಿ" ಅನ್ನೋದು ಕರೆ. ಆಗಲ್ಲ ಅಂದು ಬೇರೆ ದಿನ ಹೇಳಿದ್ರೆ ಇಷ್ಟ ಇದೆ ಅಂತ. ಎರಡು ಸಲ ಬೇರೆ ದಿನ ಹೇಳ್ದೆ ಜಾರ್ಕೊಂಡ್ರೆ ಬಿಟ್ಬಿಡ್ಲಿ, ಬೇಜಾರೇನಿಲ್ಲ.

ರಮೇಶ: ಇಡ್ಲಿನಾ? ಆ ಚಳೀಲಿ ಹಿಟ್ಟು ಉಬ್ಬತ್ತಾ?

ಶೋಭಾ ಲೀಡ್ಸ್: ಹೊರಗಿಟ್ರೆ ಇಲ್ಲ. ಓವನ್ ಆನ್ ಮಾಡದೆ ಒಳಗಿನ ದೀಪ ಮಾತ್ರ ಹಾಕಿ 12ರಿಂದ 14 ಗಂಟೆ ಹಿಟ್ಟು ಇಟ್ಟಿರ್ಲಿ. ಪಾತ್ರೆ ಅರ್ಧ ಮಾತ್ರ ತುಂಬಿಸ್ಲಿ, ಇಲ್ಲಾಂದ್ರೆ ಉಕ್ಕಿ ಓವನ್ ಉಜ್ಜೋ ಕೆಲಸ. ಕಡಲೆಕಾಯಿ ಅಲರ್ಜಿ ಇದ್ಯಾ ಅಂತ ಮೊದಲೇ ಕೇಳ್ಲಿ, ಇದ್ರೆ ಹುರಿಗಡಲೆ ಚಟ್ನಿ.

ಗಿರಿ ಮ್ಯೂನಿಕ್: ರಮೇಶ, ಇನ್ನೊಂದು. ಚಳಿಗಾಲದಲ್ಲಿ ಇಲ್ಲಿ ನಾಲ್ಕೂವರೆ ಗಂಟೆ ಹಿಂದೆ. ನೀವು ಊಟ ಮುಗ್ಸಿ ರಾತ್ರಿ 10:30ಕ್ಕೆ ವಿಡಿಯೋ ಕಾಲ್ ಮಾಡಿದ್ರೆ ಅವಳಿಗೆ ಸಂಜೆ 6, ಹೊರಗೆ ಹೋಗೋ ಹೊತ್ತು. ಸಂಜೆ 5ಕ್ಕೆ ಮಾಡು, ಇಲ್ಲಿ ಮಧ್ಯಾಹ್ನ 12:30, ಊಟದ ಬಿಡುವು.

ರಮೇಶ: ನನ್ನ ಹೆಂಡ್ತಿ ಒಪ್ಪಲ್ಲ ಕಣೋ, 5ಕ್ಕೆ ಅವಳು ಇನ್ನೂ ಸ್ಕೂಲ್ ಕೆಲಸದಲ್ಲಿ ಇರ್ತಾಳೆ

ಗಿರಿ ಮ್ಯೂನಿಕ್: ಹಾಗಾದ್ರೆ ಆಟ ಇರೋ ದಿನ ಒಂದಾದ್ರೂ ಬಿಡಿ

ಮಂಜು: ಫಾರ್ವರ್ಡ್ ಕಥೆ ಏನಾಯ್ತು?

ರಮೇಶ: ಡಿಲೀಟ್. ಓವನ್ ದೀಪದ್ದು ಮಾತ್ರ ಮಗಳಿಗೆ ಕಳಿಸ್ದೆ.

ಸುನೀತಾ: ಅಕ್ಕಿ 3, ಉದ್ದು 1 ಅಂತಾನೂ ಬರಿ. ಅಳತೆ ಕೇಳೋಕೆ ರಾತ್ರಿ ಫೋನ್ ಮಾಡ್ತಾಳೆ ಇಲ್ದಿದ್ರೆ.