ಬಿಟಿಕೆ ಪ್ರೋಟೀನ್ ಇದ್ದರೂ ಬಿ ಕೋಶ ಯಾಕಿಲ್ಲ? – ಡಾಕ್ಟರಿಗೆ ಕೇಳಿ

ಮಗುವಿನ ತಂದೆ: ಸರ್ ನಮಸ್ಕಾರ. ಮಗನಿಗೆ 3 ವರ್ಷ. ಬಿ ಕೋಶ (ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣ) ಶೇ. 1ಕ್ಕಿಂತ ಕಡಿಮೆ. ಫ್ಲೋ ಟೆಸ್ಟಿನಲ್ಲಿ (ರಕ್ತಕೋಶದ ಪ್ರೋಟೀನ್ ಪರೀಕ್ಷೆ) ಬಿಟಿಕೆ, ಅಂದರೆ ಬಿ ಕೋಶ ಬೆಳೆಯಲು ಬೇಕಾದ ಪ್ರೋಟೀನ್, ಇದೆ ಅಂತ ಬಂದಿದೆ, ಜೀನ್ ರಿಪೋರ್ಟಿನಲ್ಲಿ ಆರ್28ಎಚ್ (28ನೇ ಜಾಗದಲ್ಲಿ ಆರ್ಜಿನೀನ್ ಬದಲು ಹಿಸ್ಟಿಡೀನ್). ಪ್ರೋಟೀನ್ ಇದ್ದಮೇಲೂ ಐವಿಐಜಿ (ರಕ್ತನಾಳಕ್ಕೆ ಕೊಡುವ ಪ್ರತಿಕಾಯ) ಬೇಕೇ?

ಡಾಕ್ಟರ್: ಬೇಕು. ಪ್ರೋಟೀನ್ ಇದೆ, ಆದರೆ ಕೋಶದ ಪೊರೆಗೆ ಅಂಟುವುದಿಲ್ಲ. ಬಿ ಕೋಶದ ಗ್ರಾಹಕ ಎಚ್ಚೆತ್ತಾಗ ಪಿಐ3-ಕೈನೇಸ್ ಎಂಬ ಕಿಣ್ವ ಪೊರೆಯ ಒಳಮೈಯಲ್ಲಿರುವ ಪಿಐಪಿ2 ಕೊಬ್ಬಿಗೆ ಇನ್ನೊಂದು ಫಾಸ್ಫೇಟ್ ಸೇರಿಸಿ ಪಿಐಪಿ3 ಮಾಡುತ್ತದೆ. ಬಿಟಿಕೆಯ ಪಿಎಚ್ ಭಾಗ ಅದನ್ನು ಹಿಡಿದುಕೊಳ್ಳಬೇಕು. ಆ ಹಿಡಿತಕ್ಕೆ 28ನೇ ಆರ್ಜಿನೀನಿನ ಧನ ವಿದ್ಯುದಂಶ ಬೇಕೇಬೇಕು. ಅಲ್ಲಿ ಹಿಸ್ಟಿಡೀನ್ ಬಂದು ಕೂತರೆ ಹಿಡಿತ ತಪ್ಪಿತು. ಬಿಟಿಕೆಯ ಕಿಣ್ವದ ಕೆಲಸ ಮಾಡುವ ಕೈನೇಸ್ ಭಾಗ ಸರಿಯಿದ್ದರೂ ಬಿಟಿಕೆ ಕೋಶದ್ರವದಲ್ಲೇ ಉಳಿಯುತ್ತದೆ. ಮುಂದಿನ ಕಿಣ್ವವಾದ ಪಿಎಲ್‌ಸಿ-ಗಾಮಾ2 ಚಾಲೂ ಆಗುವುದಿಲ್ಲ, ಕ್ಯಾಲ್ಸಿಯಂ ಸರಿಯಾಗಿ ಏರುವುದಿಲ್ಲ, ಬಿ ಕೋಶದ ಬೆಳವಣಿಗೆ ಮಜ್ಜೆಯಲ್ಲೇ ನಿಲ್ಲುತ್ತದೆ. ಬಿ ಕೋಶದ ದೋಷವಿರುವ ಎಕ್ಸ್‌ಐಡಿ ಎಂಬ ಪ್ರಯೋಗಾಲಯದ ಇಲಿಯಲ್ಲೂ ಕೆಟ್ಟಿರುವುದು ಇದೇ 28ನೇ ಜಾಗ. ಫ್ಲೋ ಹೇಳುವುದು ಪ್ರೋಟೀನ್ ಇದೆಯೋ ಇಲ್ಲವೋ ಅಂತ ಮಾತ್ರ, ಕೆಲಸ ಮಾಡುತ್ತದೆಯೇ ಅಂತಲ್ಲ.

ಐವಿಐಜಿ ಸಾಮಾನ್ಯವಾಗಿ ಕೆ.ಜಿ.ಗೆ 400–600 ಮಿ.ಗ್ರಾಂ., 3–4 ವಾರಕ್ಕೊಮ್ಮೆ. ಪ್ರತಿ ಡೋಸಿನ ಪ್ರಮಾಣ ನಿಮ್ಮ ಡಾಕ್ಟರೇ ಹೇಳಬೇಕು. ಮುಂದಿನ ಡೋಸಿಗೆ ಮುಂಚೆ ರಕ್ತದ ಐಜಿಜಿ (ಪ್ರತಿಕಾಯದ ಮಟ್ಟ) ನೋಡಿಸಿ. ಪೋಲಿಯೊ ಹನಿ ಹಾಕಿಸಬೇಡಿ. ಮನೆಯ ಬೇರೆ ಮಕ್ಕಳಿಗೂ ಹನಿ ಬೇಡ, ಚುಚ್ಚುಮದ್ದು ಕೊಡಿಸಿ.

ಸದಸ್ಯೆ: ಫಾರ್ವರ್ಡ್ ಬಂದಿದೆ: ದಿನಾ ಎರಡು ಚಮಚ ಹಸುವಿನ ತುಪ್ಪ ತಿಂದರೆ ಕೋಶದ ಪೊರೆ ಗಟ್ಟಿಯಾಗುತ್ತಂತೆ?

ಡಾಕ್ಟರ್: ತುಪ್ಪ ಕರುಳಿನಲ್ಲಿ ಜೀರ್ಣವಾಗುತ್ತದೆ. ಪಿಐಪಿ3 ಕೋಶದೊಳಗೇ ಹುಟ್ಟಿ ಅಲ್ಲೇ ಅಳಿಯುವ ಕೊಬ್ಬು. ಇದನ್ನು ನಂಬಿ ಡೋಸ್ ತಪ್ಪಿಸಿದರೆ ನ್ಯುಮೋನಿಯಾ ಮರುಕಳಿಸಿ ಶ್ವಾಸಕೋಶ ಕಾಯಂ ಹಾಳಾಗಬಹುದು.

ಸಂಶೋಧನಾ ವಿದ್ಯಾರ್ಥಿನಿ: ಮೇಡಂ/ಸರ್, ಜರ್ಕ್ಯಾಟ್ ಎಂಬ ಪ್ರಯೋಗಾಲಯದ ಟಿ ಕೋಶದಲ್ಲಿ ಐಟಿಕೆಯ (ಟಿ ಕೋಶದಲ್ಲಿರುವ, ಬಿಟಿಕೆಯಂಥ ಪ್ರೋಟೀನ್) ಪಿಎಚ್-ಜಿಎಫ್‌ಪಿ (ಹೊಳೆಯುವ ಪ್ರೋಟೀನ್ ಜೋಡಿಸಿದ ಪಿಎಚ್ ಭಾಗ) ಕೋಶವನ್ನು ಉದ್ದೀಪಿಸುವ ಮೊದಲೇ ಪೊರೆಯಲ್ಲಿ ಹೊಳೆಯುತ್ತಿದೆ. ಎಲ್ಲಿ ತಪ್ಪಿದೆ?

ಡಾಕ್ಟರ್: ತಪ್ಪು ಕೋಶದ್ದು. ಜರ್ಕ್ಯಾಟಿನಲ್ಲಿ ಪಿಐಪಿ3 ಅಳಿಸುವ ಕಿಣ್ವಗಳಾದ ಪಿಟೆನ್ ಇಲ್ಲ, ಶಿಪ್1 ಇಲ್ಲ. ಪಿಐಪಿ3 ಸದಾ ಹೆಚ್ಚು. ರಕ್ತದಿಂದ ತೆಗೆದ ಟಿ ಕೋಶದಲ್ಲಿ ಮಾಡಿ. ಪಿಐ3-ಕೈನೇಸ್ ತಡೆಯುವ ಎಲ್‌ವೈ294002 ಹಾಕಿದಾಗ ಹೊಳಪು ಪೊರೆ ಬಿಡಬೇಕು.

ಸದಸ್ಯ ಕೆ: ಇದೆಲ್ಲ ಲಿಪಿಡ್ ರಾಫ್ಟಿನಲ್ಲೇ (ಪೊರೆಯಲ್ಲಿ ಕೆಲವು ಕೊಬ್ಬುಗಳು ಒತ್ತಾಗಿ ಕೂಡಿದ ತುಣುಕು) ನಡೆಯುವುದು. ತಣ್ಣನೆಯ ಟ್ರೈಟಾನ್ ಡಿಟರ್ಜೆಂಟಿನಲ್ಲಿ ಕರಗದೆ ತೇಲಿ ಬರುತ್ತಲ್ಲ.

ಸದಸ್ಯ ಎಂ: 4 ಡಿಗ್ರಿಯಲ್ಲಿ ಡಿಟರ್ಜೆಂಟೇ ಕೊಬ್ಬುಗಳನ್ನು ಒಟ್ಟುಗೂಡಿಸುತ್ತದೆ. ಅದು ಜೀವಂತ ಪೊರೆಯ ಚಿತ್ರ ಅಲ್ಲ.

ಕೆ: ನೂರಾರು ಪ್ರಬಂಧ ಇವೆ.

ಎಂ: ಒಂದನ್ನಾದರೂ ಓದಿ, ಆಮೇಲೆ ಬನ್ನಿ.

ಕೆ: ಮಾತಿಗೊಂದು ಮಿತಿ ಇರಲಿ.

ಸದಸ್ಯೆ: ತುಪ್ಪದ ಬದಲು ಕೊಬ್ಬರಿ ಎಣ್ಣೆ?

ಡಾಕ್ಟರ್: ಇಲ್ಲ. ಮೇಲೆ ಓದಿ.

ಮಗುವಿನ ತಂದೆ: ಸರ್, ತಂಗಿಗೆ ನಿನ್ನೆ ಪೋಲಿಯೊ ಹನಿ ಹಾಕಿಸಿಬಿಟ್ಟಿದ್ದೇವೆ.

ಡಾಕ್ಟರ್: ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಲಸಿಕೆಯ ವೈರಸ್ ಕೆಲವು ವಾರ ಮಲದಲ್ಲಿ ಹೋಗುತ್ತದೆ. ಮಗನನ್ನು ಅವಳ ಹತ್ತಿರ ಬಿಡಬೇಡಿ, ಡೈಪರ್ ಬದಲಿಸಿದವರು ಸೋಪಿನಲ್ಲಿ ಕೈ ತೊಳೆಯಲಿ. ಐವಿಐಜಿ ದಿನ ಮುಂದೂಡಬೇಡಿ.

ಮಗುವಿನ ತಂದೆ: ನನ್ನ ಹೆಂಡತಿಯ ತಂಗಿಗೂ ಟೆಸ್ಟ್ ಮಾಡಿಸಬೇಕೇ ಸರ್?

ಕೆ: ಎಂ ಅವರೇ, ರಾಫ್ಟ್ ಬಗ್ಗೆ ನನ್ನ ಮಾತಿಗೆ ಉತ್ತರ ಬಂದಿಲ್ಲ.