ಹಳೇ ಡ್ರೈ ರಾಕ್ (ಒಣಗಿದ ಅಕ್ವೇರಿಯಂ ಕಲ್ಲು) ನೇರ ಟ್ಯಾಂಕ್‌ಗೆ ಹಾಕಬಹುದಾ? ಕ್ಯೂರಿಂಗ್ (ಕೊಳೆ ತೆಗೆದು ಹದ ಮಾಡೋದು) ಮಾಡಿದವರು ಹೇಳಿ

ಹೊಸನೀರು: 200 ಲೀಟರ್ ರೀಫ್ ಟ್ಯಾಂಕ್ (ಹವಳ ಸಾಕೋ ಉಪ್ಪುನೀರಿನ ಅಕ್ವೇರಿಯಂ) ಶುರು ಮಾಡ್ತಿದ್ದೀನಿ. ಯಾರೋ ಮುಚ್ಚಿದ ಟ್ಯಾಂಕಿನ 18 ಕೆಜಿ ರಾಕ್ ಸಿಕ್ಕಿದೆ, ಮೇಲೆಲ್ಲ ಒಣಗಿದ ಪಾಚಿ. ತೊಳೆದು ಹಾಕಿದ್ರೆ ಸಾಕಾ?

ಡ್ರಮ್ಮಣ್ಣ: ಸಾಕಾಗಲ್ಲ. ತೂತುಗಳೊಳಗೆ ಸತ್ತ ಸ್ಪಾಂಜ್, ಹುಳ ಒಣಗಿ ಕೂತಿರುತ್ತೆ, ನೀರು ಬಿದ್ದ ತಕ್ಷಣ ಕೊಳೆಯುತ್ತೆ. 10 ಪಾಲು ನೀರಿಗೆ 1 ಪಾಲು ಸುವಾಸನೆ ಇಲ್ಲದ ಬ್ಲೀಚ್, ಪವರ್‌ಹೆಡ್ (ನೀರು ತಿರುಗಿಸೋ ಪಂಪ್) ಹಾಕಿ ಎರಡು ದಿನ. ಆಮೇಲೆ ತೊಳೆದು, ಕ್ಲೋರಿನ್ ಹೋಗಲಾಡಿಸೋ ಸೋಡಿಯಂ ಥಯೋಸಲ್ಫೇಟ್ ಹಾಕಿದ ನೀರಲ್ಲಿ ನೆನೆಸಿ, ಬ್ಲೀಚ್ ವಾಸನೆ ಪೂರ್ತಿ ಹೋಗೋವರೆಗೆ ಒಣಗಿಸಿ. ಈ ಕೊಳಕು ಕೆಲಸ ಸಿಹಿನೀರಲ್ಲೇ ಮುಗಿಸಿ! 100 ಲೀಟರ್ ಡ್ರಮ್‌ಗೆ ಒಂದ್ಸಲಕ್ಕೆ ಮೂರೂವರೆ ಕೆಜಿ ಮೇಲೆ ಉಪ್ಪು. ನಾಲ್ಕು ಸಲ ನೀರು ಚೆಲ್ಲಿದ್ರೆ ಹತ್ತಿರತ್ತಿರ 15 ಕೆಜಿ ಚರಂಡಿಗೆ. ಉಪ್ಪುನೀರು ಸೈಕಲ್ ಹಂತಕ್ಕೆ (ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಬೆಳೆಸೋದು) ಮಾತ್ರ: ಸಾಪೇಕ್ಷ ಸಾಂದ್ರತೆ 1.025, 26 ಡಿಗ್ರಿ, ಕತ್ತಲು, 100 ಲೀಟರ್‌ಗೆ ಸುಮಾರು 0.6 ಗ್ರಾಂ ಅಮೋನಿಯಂ ಕ್ಲೋರೈಡ್, ಅಂದ್ರೆ 2 ಪಿಪಿಎಂ ಅಮೋನಿಯಾ. ಅಷ್ಟು ಹಾಕಿದ್ದು 24 ಗಂಟೇಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ್ರೆ ರಾಕ್ ರೆಡಿ.

ಹುಳಿರಾಯ: ಬ್ಲೀಚ್ ಹಾಕಿದ್ರೆ ಮಾಂಸ ಹೋಗುತ್ತೆ, ಕಲ್ಲಿಗೇ ಅಂಟಿರೋ ಫಾಸ್ಫೇಟ್ ಎಲ್ಲಿ ಹೋಗುತ್ತೆ ಸ್ವಾಮಿ? ಟೆಸ್ಟ್ ಸೊನ್ನೆ ಬಂತು ಅಂತ ಟ್ಯಾಂಕ್ ತುಂಬಿಸ್ತೀರಿ, ತಿಂಗಳುಗಟ್ಟಲೆ ಸೋರ್ತಾ ಕೂದಲುಪಾಚಿ ಬೆಳೆಸುತ್ತೆ. ಹೈಡ್ರೋಕ್ಲೋರಿಕ್ ಆಸಿಡ್ 1ಕ್ಕೆ 10 ನೀರು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಬಯಲಲ್ಲಿ, ಕನ್ನಡಕ, ಗ್ಲೌಸ್ ಹಾಕ್ಕೊಂಡು. ನೊರೆ ನಿಂತ ಮೇಲೆ ಅಡುಗೆ ಸೋಡಾ ನೀರಲ್ಲಿ ಅದ್ದಿ. ಬ್ಲೀಚ್ ಆರದ ರಾಕ್ ಆಸಿಡ್‌ಗೆ ಬಿದ್ರೆ ಕ್ಲೋರಿನ್ ಗ್ಯಾಸ್, ಅದು ನೆನಪಿರಲಿ.

ಡ್ರಮ್ಮಣ್ಣ: ಇಲಿ ಬಂತು ಅಂತ ಮನೆಗೇ ಬೆಂಕಿ ಹಚ್ಚೋ ಲೆಕ್ಕ ನಿಮ್ದು. ಮೇಲ್ಪದರ ಕರಗಿ ತೆಳು ಕೊಂಬೆಗಳು ಮುರಿದು ಕೈಗೆ ಬರುತ್ತೆ. ಫಾಸ್ಫೇಟ್ ಹಿಡಿದು ಪುಡಿ ಮಾಡೋ ಲ್ಯಾಂಥನಮ್ ಕ್ಲೋರೈಡ್ ಹನಿಹನಿ ಬಿಟ್ಟು, 10 ಮೈಕ್ರಾನ್ ಸಾಕ್‌ನಲ್ಲಿ (ಸೋಸೋ ಚೀಲ) ಸೋಸಿದ್ರೆ ಕೆಲಸ ಮುಗೀತು.

ಕಡಲಕಲ್ಲು: ಹೂಂ, ಫಾಸ್ಫೇಟ್ ಸೊನ್ನೆ ಮಾಡಿ, ಆಮೇಲೆ ಡೈನೋ (ಡೈನೋಫ್ಲಾಜೆಲೇಟ್ ಅನ್ನೋ ಸೂಕ್ಷ್ಮಜೀವಿ) ಬಂತು ಅಂತ ಅಳಿ. ಗುಳ್ಳೆ ಕಟ್ಟಿದ ಕಂದು ಸಿಂಬಳ ರಾಕ್ ಮೇಲೆ ಜೋತು ಬೀಳುತ್ತಲ್ಲ, ಅದೇ. ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಉಳಿಸಿ. ಇಷ್ಟು ಪಾಡು ಪಡೋ ಬದಲು ಒಳ್ಳೆ ಲೈವ್ ರಾಕ್ (ಜೀವಿಗಳಿರೋ ಸಮುದ್ರದ ಕಲ್ಲು) ಹಾಕಿ. ಸಮುದ್ರದ ವಾಸನೆ ಇದ್ರೆ ತಗೊಳ್ಳಿ, ಕೊಳೆತ ಮೊಟ್ಟೆ ವಾಸನೆ ಬಂದ್ರೆ ಮುಟ್ಟಬೇಡಿ. ಬಿಳಿ ಪೊರೆ ಕಟ್ಟಿದ ಸ್ಪಾಂಜ್ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೀರಿ, ಕೆಳಗೆ ಬಿದ್ದ ಕಸ ದಿನಾ ಸೈಫನ್ ಮಾಡಿ, ಸ್ಕಿಮ್ಮರ್ (ನೊರೆ ಮಾಡಿ ಕೊಳೆ ಎತ್ತೋ ಯಂತ್ರ) ಜೋರಾಗಿ ಓಡಲಿ.

ಹುಳಿರಾಯ: ಜೊತೆಗೆ ಐಪ್ಟೇಸಿಯಾ (ಹಬ್ಬೋ ಪೀಡೆ ಅನಿಮೋನ್), ಮ್ಯಾಂಟಿಸ್ ಸೀಗಡಿ ಫ್ರೀ! ಸೈಟಿಸ್ (ಅಪಾಯದಲ್ಲಿರೋ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) 2ನೇ ಅನುಬಂಧದಲ್ಲಿರೋ ಮಾಲು, ಪರವಾನಗಿ ಕಾಗದ ಇಲ್ದೆ ಗಡಿ ದಾಟಿ ಬಂದಿದ್ದನ್ನ ಯಾರು ಕೊಳ್ತಾರೆ?

ಕಡಲಕಲ್ಲು: ಕಾಗದ ಇರೋದೇ ಕೊಳ್ಳಿ, ಅಷ್ಟೇ. ಜೀವ ಇಲ್ಲದ ಬಿಳಿ ಕಲ್ಲಿಗೆ ಬಣ್ಣ ಬರೋಕೆ ವರ್ಷ ಬೇಕು.

ಹೊಸನೀರು: ದೊಡ್ಡ ಪಾತ್ರೇಲಿ ಕುದಿಸಿಬಿಟ್ರೆ ಎಲ್ಲ ಸಾಯಲ್ವಾ?

ಡ್ರಮ್ಮಣ್ಣ: ಬೇಡ!! ರಾಕ್ ಮೇಲೆ ಜೋಯಾಂಥಿಡ್ (ಹವಳದ ಜಾತಿಯ ಜೀವಿ) ಉಳಿಕೆ ಇದ್ರೆ ಹಬೆ ಜೊತೆ ಪ್ಯಾಲಿಟಾಕ್ಸಿನ್ ಅನ್ನೋ ಘೋರ ವಿಷ ಏಳಬಹುದು. ಮನೆಯವರೆಲ್ಲ ಆಸ್ಪತ್ರೆ ಸೇರಿದ ಕೇಸುಗಳಿವೆ. ಒಣಗಿದ್ದು ಅಂತ ನಂಬಬೇಡಿ.

ಹುಳಿರಾಯ: ಇದೊಂದಕ್ಕೆ ಒಪ್ಪಿದೆ. ಆದ್ರೆ 1.025 ಅಂದ್ರಲ್ಲ, ಅಳೆದಿದ್ದು ಆ ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್‌ನಲ್ಲಾ? ಮುಳ್ಳಿಗೆ ಗುಳ್ಳೆ ಅಂಟಿದ್ರೆ ಜಾಸ್ತಿ ತೋರಿಸುತ್ತೆ.

ಡ್ರಮ್ಮಣ್ಣ: ರಿಫ್ರಾಕ್ಟೋಮೀಟರ್ (ಬೆಳಕು ಬಾಗೋದ್ರಿಂದ ಉಪ್ಪು ಅಳೆಯೋದು) ರೀ. ಬರೀ ಆರ್‌ಓ ನೀರಲ್ಲಿ ಸೊನ್ನೆ ಮಾಡಿದ್ದಲ್ಲ, ಸಾವಿರಕ್ಕೆ 35 ಪಾಲು ಉಪ್ಪಿನ ದ್ರಾವಣದಲ್ಲಿ ಕೂರಿಸಿದ್ದು. ನೀವು ಸೈಕಲ್ ಮಧ್ಯೆ ನೈಟ್ರೇಟ್ ನೂರು ಅಂತ ಗಾಬರಿಬಿದ್ದು ನೀರು ಚೆಲ್ಲೋರು. ನೈಟ್ರೈಟ್ ಇದ್ದಾಗ ನೈಟ್ರೇಟ್ ಕಿಟ್ ಸುಳ್ಳು ಓದುತ್ತೆ ಅನ್ನೋದೂ ಗೊತ್ತಿಲ್ಲ.

ಕಡಲಕಲ್ಲು: ಇಬ್ರೂ ಬಿಡ್ರಪ್ಪಾ. ಹೊಸನೀರು, ರಾಕ್ ಮೊದಲು ಗಾಜಿನ ತಳದ ಮೇಲೆ ಕೂರಿಸಿ, ಆಮೇಲೆ ಮರಳು ಸುರೀರಿ. ಮರಳ ಮೇಲೆ ಪೇರಿಸಿದ್ರೆ ಗೋಬಿ ಮೀನು ಬುಡ ತೋಡಿ ರಾಕ್ ಕುಸಿದು ಗಾಜಿಗೆ ಬಡಿಯುತ್ತೆ.

ಹುಳಿರಾಯ: ಗೋಬಿ ಅಲ್ಲ, ಜಾಸ್ತಿ ತೋಡೋದು ಅದರ ಜೊತೆ ಇರೋ ಪಿಸ್ತೂಲ್ ಸೀಗಡಿ.